ಡಬ್ಬಿ ಒಯ್ದವನು

"ಇದು ನಿಮ್ಮದಲ್ಲ," ಎಂದರು ಹೊಸ ಡಾಕ್ಟರಮ್ಮ, ಮೂರು ವರ್ಷದ ಹಿಂದಿನ ರಿಪೋರ್ಟನ್ನು ಮೇಜಿನ ಮೇಲೆ ಅವನತ್ತ ತಳ್ಳುತ್ತ. "ಇದರಲ್ಲಿ ಆರು ಕೋಟಿ ವೀರ್ಯಾಣು ಅಂತಿದೆ. ನಿಮಗೆ ವೀರ್ಯಾಣು ಹೊರಗೆ ಬರೋ ನಾಳಗಳೇ ಹುಟ್ಟಿನಿಂದ ಬೆಳೆದಿಲ್ಲ. ಎರಡು ಸಲ ಪರೀಕ್ಷೆ ಮಾಡಿದ್ವಿ, ಎರಡು ಸಲಾನೂ ಸೊನ್ನೆ. ಅವತ್ತು ಮಾತ್ರ ಆರು ಕೋಟಿ ಎಲ್ಲಿಂದ ಬಂತು?"

ವೆಲ್ಡರ್ ಪಕ್ಕದ ಕುರ್ಚಿಯತ್ತ ತಿರುಗಲಿಲ್ಲ. ಅಲ್ಲಿ ಅವನ ಹೆಂಡತಿ ಕೂತಿದ್ದಳು, ತೊಡೆಯ ಮೇಲೆ ದಿಂಬಿನಷ್ಟು ದಪ್ಪ ಫೈಲು. ಮೂರು ವರ್ಷದ ಇಂಜೆಕ್ಷನ್ನು, ಸ್ಕ್ಯಾನು, ಗರ್ಭನಾಳಕ್ಕೆ ಬಣ್ಣ ಬಿಟ್ಟು ತೆಗೆದ ಎಕ್ಸ್‌ರೇ, ಹೊಟ್ಟೆಗೆ ತೂತು ಕೊರೆದು ಒಳಗೆ ಇಣುಕಿದ್ದು, ಎಲ್ಲ ಅದರಲ್ಲಿತ್ತು. ಗಂಡನದು ಅಂತ ಇದ್ದದ್ದು ಈ ಒಂದೇ ಹಾಳೆ. ಈ ಹಾಳೆ ಚೆನ್ನಾಗಿದೆ ಅಂತಲೇ ಅವಳನ್ನು ಅಷ್ಟು ಚುಚ್ಚಿದ್ದರು.

"ಸೂಜಿ ಹಾಕಿ ವೃಷಣದಿಂದಲೇ ತೆಗೆದು ನೋಡಬಹುದು. ಸಿಗದಿದ್ರೆ ದಾನಿಯ ವೀರ್ಯ ಇದೆ. ಇಬ್ಬರೂ ಕೂತು ಯೋಚನೆ ಮಾಡಿ."

ಮೆಟ್ಟಿಲಿಳಿಯುವಾಗ ಹೆಂಡತಿ ಕೇಳಿದ್ದು ಒಂದೇ ಮಾತು. "ಅವತ್ತು ಡಬ್ಬಿ ತಗೊಂಡು ಹೋಗಿದ್ದು ನಿಮ್ಮಣ್ಣ ಅಲ್ವಾ?"

ಹೌದು, ಅಣ್ಣನೇ. ಅವತ್ತು ವರ್ಕ್‌ಶಾಪಿನಲ್ಲಿ ಗೇಟಿನ ಕೆಲಸ ಕುತ್ತಿಗೆಗೆ ಬಂದಿತ್ತು. ಇವನು ಬಚ್ಚಲಲ್ಲಿ ಅಗುಳಿ ಹಾಕಿಕೊಂಡು ಮುಗಿಸಿ, ಬಿಳಿ ಮುಚ್ಚಳದ ಡಬ್ಬಿಯನ್ನು ಅಣ್ಣನ ಕೈಗಿಟ್ಟಿದ್ದ. ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು, ತಣ್ಣಗಾಗಬಾರದು. "ಕಂಕುಳಲ್ಲಿಟ್ಕೊಂಡು ಹೋಗ್ತೀನಿ ಬಿಡೋ, ಕೋಳಿ ಕಾವು ಕೂತ ಹಾಗೆ," ಎಂದು ಅಣ್ಣ ನಗುತ್ತ ಬೈಕ್ ಒದ್ದಿದ್ದ.

ಹೆಂಡತಿಯನ್ನು ಮನೆಗೆ ಕಳಿಸಿ ಇವನು ನೇರ ವರ್ಕ್‌ಶಾಪಿಗೆ ನಡೆದ. ಅಲ್ಲಿ ಅಣ್ಣ ಕಿಟಕಿ ಸರಳಿನ ಮೇಲೆ ಗ್ರೈಂಡರ್ ಆಡಿಸುತ್ತಿದ್ದ. ಇವನು ಹೋದವನೇ ಪ್ಲಗ್ ಕಿತ್ತೆಸೆದ.

"ನನ್ನ ಡಬ್ಬಿ ಏನು ಮಾಡಿದೆ?"

"ಯಾವ ಡಬ್ಬಿನೋ?"

ಇವನು ಹಾಳೆಯನ್ನು ಅವನ ಮೂಗಿಗೆ ಹಿಡಿದ. ಅಣ್ಣನ ಮುಖ ಇಳಿಯಿತು. ಆಮೇಲೆ, ಹಾಳಾದವನು, ನಕ್ಕ.

"ಅಯ್ಯೋ, ಅದಾ! ಸಿಗ್ನಲ್‌ನಲ್ಲಿ ಬ್ರೇಕ್ ಹಾಕ್ದೆ ಕಣೋ, ಜಾರಿಬಿಡ್ತು. ಮುಚ್ಚಳ ಹಾರಿ ಎಲ್ಲ ರಸ್ತೆಪಾಲು. ವಾಪಸ್ ಬಂದು ತಮ್ಮಂಗೆ ಹೇಗೆ ಹೇಳೋದು, ಇನ್ನೊಂದ್ಸಲ ಮಾಡಪ್ಪ ಅಂತ? ಲ್ಯಾಬಲ್ಲೇ ಬೇರೆ ಡಬ್ಬಿ ಇಸ್ಕೊಂಡು ಬಾತ್‌ರೂಮಿಗೆ ಹೋದೆ. ಒಂದೇ ತಾಯಿ ಮಕ್ಕಳು, ಏನು ಮಹಾ ವ್ಯತ್ಯಾಸ ಅಂದ್ಕೊಂಡೆ."

"ಮೂರು ವರ್ಷ ಬಾಯಿಗೆ ಬೆಸುಗೆ ಹಾಕ್ಕೊಂಡಿದ್ಯಾ?"

"ಅವಳಲ್ಲೇ ಏನೋ ಐಬು ಅಂತ ಎಲ್ಲರೂ ಅಂತಿದ್ರಲ್ಲೋ. ನಾನೂ ಹಾಗೇ ಅಂದ್ಕೊಂಡೆ."

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಎಲ್ಲರೂ ಅಂದರೆ ಅದರಲ್ಲಿ ತಾನೂ ಇದ್ದ. ಒಮ್ಮೆ ಜಗಳದಲ್ಲಿ ಇದೇ ಬಾಯಿಂದ ಹೆಂಡತಿಗೆ ಹೇಳಿದ್ದ: "ನಂದು ಆರು ಕೋಟಿ ಇದೆ ಕಣೇ, ನಿಂದೇನಿದೆ?" ಅವಳು ರವಿಕೆ ಸರಿಮಾಡಿಕೊಂಡು ಆ ದಿನದ ಇಂಜೆಕ್ಷನ್ನಿಗೆ ಹೊರಟಿದ್ದಳು.

ಕೈ ನಿಂತದ್ದು ಕಂಡು ಅಣ್ಣನಿಗೆ ಧೈರ್ಯ ಬಂತು. ದನಿ ತಗ್ಗಿಸಿದ. "ಅಮ್ಮಂಗೆ ಹೇಳ್ಬೇಡ. ಅವಳದೇ ತಪ್ಪು ಅಂತ ಇರ್ಲಿ ಬಿಡು, ಅವಳಿಗೂ ಕೇಳಿ ಕೇಳಿ ಅಭ್ಯಾಸ ಆಗಿದೆ. ನಿನ್ನ ಮರ್ಯಾದೆ ಉಳಿಯುತ್ತೆ. ಇನ್ನು ಸೂಜಿಗೀಜಿ, ಯಾವನೋ ದಾನಿಗೀನಿ ಎಲ್ಲ ಯಾಕೆ? ಒಂದ್ಸಲ ಕೊಟ್ಟವನು ಇನ್ನೊಂದ್ಸಲ ಕೊಡಲ್ವಾ?"

ಆಗ ಬಿತ್ತು ಏಟು. ಅಣ್ಣ ಸರಳುಗಳ ಮೇಲೆ ಮಗುಚಿಕೊಂಡ ಸದ್ದಿಗೆ ಎದುರು ಅಂಗಡಿಯವನು ಹೊರಗೆ ಬಂದ. ಇವನು ಹಿಂದೆ ನೋಡದೆ ಮನೆಗೆ ನಡೆದ.

ಹೆಂಡತಿ ಆಗಲೇ ಬಂದು ಅಡಿಗೆಮನೆ ಸೇರಿದ್ದಳು. ಕಿಟಕಿ ಪಕ್ಕ ಬಟ್ಟೆ ಮಡಚುತ್ತಿದ್ದ ಅಮ್ಮ ತಲೆಯೆತ್ತದೆ ಕೇಳಿದಳು, "ಏನಂತೆ? ಈ ಬರಡು ಹೊಟ್ಟೆ ಯಾವತ್ತು ಕಣ್ಣು ಬಿಡುತ್ತಂತೆ?"

"ಬರಡು ನಾನು!" ಗೋಡೆಯ ಗಡಿಯಾರ ಅದುರುವ ಹಾಗೆ ಕೂಗಿದ. "ನಾನಮ್ಮ! ಹುಟ್ಟಿನಿಂದ! ನೀನು ಹೆತ್ತಾಗಿಂದ! ಅವಳಲ್ಲಿ ಏನೂ ಐಬಿಲ್ಲ. ಆ ರಿಪೋರ್ಟು ನಿನ್ನ ದೊಡ್ಡ ಮಗಂದು, ಹೋಗಿ ಕೇಳು!"

"ಮೆಲ್ಲಗೋ, ಕಿಟಕಿ ತೆಗೆದಿದೆ."

"ತೆಗೆದೇ ಇರ್ಲಿ! ಅವಳನ್ನ ಅನ್ನುವಾಗ ಒಂದು ದಿನ ಮುಚ್ಚಿದ್ಯಾ?"

ಅಮ್ಮನ ಕೈಯಲ್ಲಿ ಅರ್ಧ ಮಡಚಿದ ಅಂಗಿ ಹಾಗೇ ಉಳಿಯಿತು. ಪಕ್ಕದ ಮನೆಯಲ್ಲಿ ಯಾರೋ ಟಿ.ವಿ. ದನಿ ಇಳಿಸಿದರು.

ಅವನು ಅಡಿಗೆಮನೆಗೆ ಹೋದ. ಹೆಂಡತಿ ಫ್ರಿಜ್ಜಿನಿಂದ ಐಸ್ ಟ್ರೇ ತೆಗೆದಿದ್ದಳು. ದಿನಾ ಸಂಜೆ ಚುಚ್ಚುವ ಮುಂಚೆ ಹೊಟ್ಟೆ ಜೋಮು ಹಿಡಿಯಲಿ ಅಂತ ಅದರಿಂದ ಎರಡು ತುಂಡು ತಿಕ್ಕಿಕೊಳ್ಳುತ್ತಿದ್ದಳು. ಈಗ ಟ್ರೇ ತಿರುಚಿ, ಅಷ್ಟೂ ತುಂಡುಗಳನ್ನು ಸಿಂಕಿಗೆ ಉದುರಿಸಿದಳು.

"ಸೂಜಿ ನಾನು ಹಾಕಿಸ್ಕೋತೀನಿ," ಅಂದ. "ಅದರಲ್ಲೂ ಸಿಗದಿದ್ರೆ, ಮುಂದಿಂದು ನೀನು ಹೇಳಿದ ಹಾಗೆ."

"ನನ್ನ ಕೇಳೋದು ಇವತ್ತು ನೆನಪಾಯ್ತಾ?" ಖಾಲಿ ಟ್ರೇಯನ್ನು ಅವನ ಎದೆಗೆ ಒತ್ತಿದಳು. "ನೀವೇ ತುಂಬ್ಕೊಳ್ಳಿ. ಬೇಕಾಗುತ್ತೆ."

ಹೇಳಿದವಳೇ ಬೆನ್ನು ತಿರುಗಿಸಿದಳು. ಅವನು ನಲ್ಲಿ ಬಿಟ್ಟು ಟ್ರೇ ತುಂಬಿಸಿದ. ಸಿಂಕಿನಿಂದ ಫ್ರಿಜ್ಜಿಗೆ ನಾಲ್ಕೇ ಹೆಜ್ಜೆ. ಟ್ರೇಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ಚೆಲ್ಲದ ಹಾಗೆ, ಉಸಿರು ಬಿಗಿಹಿಡಿದು ನಡೆದ.