ಲೈನಲ್ಲಿರಿ ಮೇಡಂ

ಬಟ್ಟೆ ಒಗೆಯುವ ಮೆಷಿನ್ ಕೆಟ್ಟರೆ ಜನ ಯಾರನ್ನು ಬೈಯಬೇಕು ಹೇಳಿ? ಮಾಡಿದವನು ಕೈಗೆ ಸಿಗುವುದಿಲ್ಲ, ಮಾರಿದವನು ಫೋನ್ ಎತ್ತುವುದಿಲ್ಲ. ಸಿಗುವವಳು ಕಂಪನಿಯ ಪರವಾಗಿ ಮನೆಯಿಂದಲೇ ಫೋನ್ ಎತ್ತುವ ಇವಳೊಬ್ಬಳೇ. ಮಲಗುವ ಕೋಣೆಯ ಮೂಲೆಯಲ್ಲಿ ಮಡಿಸುವ ಮೇಜು ಹಾಕಿಕೊಂಡು, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಬೆಳಗಿನಿಂದ ಬೈಸಿಕೊಳ್ಳುವುದೇ ಅವಳ ಕೆಲಸ. ಬೈದವರಿಗೆಲ್ಲ ‘ತಾವು’, ‘ದಯವಿಟ್ಟು’, ‘ಕ್ಷಮಿಸಿ ಮೇಡಂ’. ಸಕ್ಕರೆ ಪಾಕದಂಥ ದನಿ ಪೂರ್ತಿ ಅವರಿಗೇ ಖರ್ಚಾಗಿ, ಮನೆಯವರ ಪಾಲಿಗೆ ಸೀದ ತಳವಷ್ಟೇ ಉಳಿಯುತ್ತಿತ್ತು.

ನಿನ್ನೆ ಮಗಳು ಚೀರಿದ್ದು ಕಾಲ್‌ನಲ್ಲಿ ರೆಕಾರ್ಡ್ ಆಗಿಬಿಟ್ಟಿತ್ತು. “ಇನ್ನೊಂದ್ ಸಲ ಮಗು ಸದ್ದು ಕೇಳಿದ್ರೆ ಆಫೀಸಿಗೇ ಬರಬೇಕಾಗುತ್ತೆ ನೋಡಿ,” ಎಂದಿದ್ದರು ಕಂಪನಿಯ ಮೇಲಿನವರು. ಆಫೀಸಿಗೆ ಹೋದರೆ ನಾಲ್ಕು ವರ್ಷದ ಈ ಪುಟಾಣಿಯನ್ನು ಯಾರ ಕೈಗೆ ಒಪ್ಪಿಸುವುದು? ಗಂಡ ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆಯಿಲ್ಲ. ಮೊಬೈಲ್ ಕೊಟ್ಟು ಕೂರಿಸೋಣವೆಂದರೆ, ಅದನ್ನೇ ನೋಡಿ ನೋಡಿ ಮಗುವಿನ ಕಣ್ಣು ಕೆಂಪಾಗಿ, ಡಾಕ್ಟರು ಅಮ್ಮನಿಗೆ ಚೆನ್ನಾಗಿ ಚಳಿ ಬಿಡಿಸಿದ್ದರು.

ಹಾಗಾಗಿ ಇವತ್ತು ಹೊಸ ಉಪಾಯ. ಮಂಚದ ಪಕ್ಕ ಚಾಪೆ, ಅದರ ಮೇಲೆ ಸದ್ದಿಲ್ಲದ ಆಟಗಳು. ಬೇರೆ ಮಾಡಲು ಬೆರೆಸಿಟ್ಟ ಕಾಳು, ಜೋಡಿ ಹುಡುಕಲು ಕಾಲುಚೀಲ, ರಟ್ಟಿನ ಅಂಚಿಗೆ ಸಿಕ್ಕಿಸಲು ಬಟ್ಟೆ ಕ್ಲಿಪ್ಪು.

“ಗಲಾಟೆ ಮಾಡಿದ್ಯೋ, ಚರ್ಮ ಸುಲಿದುಬಿಡ್ತೀನಿ!” ಎಂದವಳು ಮರುಗಳಿಗೆಯೇ ಗುಂಡಿ ಒತ್ತಿ, “ನಮಸ್ಕಾರ, ತಮಗೆ ಹೇಗೆ ಸಹಾಯ ಮಾಡಲಿ?” ಎಂದಳು. ಬಾಯಿ ಒಂದೇ, ದನಿ ಎರಡು!

ಕಣ್ಣು ಮಿಟುಕಿಸುವುದರೊಳಗೆ ಕಾಳಿನ ಆಟ ಬೇಜಾರಾಯಿತು. ಕಾಲುಚೀಲ ಬೊಂಬೆಯ ಹೊದಿಕೆಯಾಯಿತು. ಮಗಳು ಬಂದು ತೋಳು ಜಗ್ಗಿದರೆ ಅಮ್ಮ ಕಣ್ಣು ಬಿಟ್ಟಳು. ಮತ್ತೆ ಬಂದರೆ ಕೈ ಬೀಸಿ ಓಡಿಸಿದಳು. ಆಮೇಲೆ ಸದ್ದೇ ಇಲ್ಲ. ಕಾಲ್ ಮೇಲೆ ಕಾಲ್ ಬಂತು, ಹೋಯಿತು. ಸದ್ಯ, ಬದುಕಿದೆ ಅಂದುಕೊಂಡವಳಿಗೆ ಇದ್ದಕ್ಕಿದ್ದಂತೆ ಅನುಮಾನ ಬಂತು. ಮಕ್ಕಳು ಇಷ್ಟು ಹೊತ್ತು ತೆಪ್ಪಗಿದ್ದಾರೆಂದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಕಾಳನ್ನು ಮೂಗಿಗೆ ಹಾಕಿಕೊಂಡಿತೋ ಏನೋ!

ತಿರುಗಿ ನೋಡಿದಳು. ಮಗು ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿತ್ತು. ತಲೆಗೆ ಹೇರ್‌ಬ್ಯಾಂಡು, ಅದಕ್ಕೆ ಕಿವಿಯ ಹತ್ತಿರ ಸಿಕ್ಕಿಸಿದ ಬಟ್ಟೆ ಕ್ಲಿಪ್ಪು.

“ಏನೇ ಮಾಡ್ತಿದೀಯ?”

“ಶ್! ಕಾಲ್‌ನಲ್ಲಿದೀನಿ. ಒಂದ್ ನಿಮಿಷ ಲೈನಲ್ಲಿರಿ ಮೇಡಂ ಅಂತ ನೀವೇ ಹೇಳಿದ್ರಲ್ಲ. ಆಗ್ಲಿಂದ ಕಾಯ್ತಿದೀನಿ.”

ಅದು ಯಾರಿಗೋ ಯಾವಾಗಲೋ ಹೇಳಿದ ಮಾತು. ಯಾವತ್ತೂ ಅಮ್ಮನಿಗೆ ‘ನೀನು’ ಅನ್ನುವ ಮಗು ಇವತ್ತು ‘ನೀವು’ ಅಂದಿತ್ತು. ಅಮ್ಮ ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಕಾಲ್ ಬಂತು.

“ತಗೊಳ್ಳಿ ಮೇಡಂ,” ಎಂದಿತು ಮಗು. “ನಂದು ಆಮೇಲಾದ್ರೂ ನಡೆಯುತ್ತೆ.”

ತೆಗೆದುಕೊಂಡಳು. ಮೆಷಿನ್‌ನಿಂದ ನೀರು ಸೋರುತ್ತಿದೆಯೆಂದು ಯಾರೋ ಗಂಡಸು ಮನೆ ಮುಳುಗಿದಂತೆ ಕೂಗಾಡುತ್ತಿದ್ದ. ಕೇಳಿ ಕೇಳಿ ಸಾಕುಸಾಕಾಯಿತು. “ದಯವಿಟ್ಟು ಲೈನಲ್ಲಿರಿ ಸರ್,” ಎಂದು ಗುಂಡಿ ಒತ್ತಿ, ಅವನನ್ನು ಕಂಪನಿಯ ಹಾಡು ಕೇಳಲು ಬಿಟ್ಟಳು. ಯಾಕೆ ಕಾಯಿಸಿದೆ ಎಂದು ನಾಳೆ ಮೇಲಿನವರು ಕೇಳುತ್ತಾರೆ. ಕೇಳಲಿ. ಹೆಡ್‌ಸೆಟ್ ಕಳಚಿಟ್ಟು ಚಾಪೆಯ ಮೇಲೆ ಕುಸಿದು ಕೂತಳು. ಒಂದು ಕ್ಲಿಪ್ಪನ್ನು ತನ್ನ ಕೂದಲಿಗೂ ಸಿಕ್ಕಿಸಿಕೊಂಡಳು.

“ಕಾಯಿಸಿದ್ದಕ್ಕೆ ಕ್ಷಮಿಸಿ ಮೇಡಂ. ತಮ್ಮ ಕಂಪ್ಲೇಂಟ್ ಏನು?”

ಮಗುವಿನ ಮುಖ ಅರಳಿತು. ದೊಡ್ಡವರ ಹಾಗೆ ಗಂಟಲು ಸರಿಮಾಡಿಕೊಂಡಿತು.

“ನಮ್ಮಮ್ಮ ಕೆಟ್ಟೋಗಿದ್ದಾಳೆ.”

“ಅಯ್ಯಯ್ಯೋ! ಏನಾಗಿದೆ ಮೇಡಂ?”

“ಬರೀ ಸೌಂಡ್ ಬರುತ್ತೆ. ನಿಮ್ ಥರ ಮಾತಾಡಲ್ಲ.” ತುಸು ಯೋಚಿಸಿ, “ಆದ್ರೆ ವಾಪಸ್ ತಗೊಂಡ್ ಹೋಗ್ಬೇಡಿ. ಇಲ್ಲೇ ರಿಪೇರಿ ಮಾಡ್ಕೊಡಿ,” ಎಂದಿತು.

ಅಮ್ಮನಿಗೆ ಎಷ್ಟು ಹುಡುಕಿದರೂ ಆ ಸಕ್ಕರೆ ದನಿ ಸಿಗಲಿಲ್ಲ. ಬಂದದ್ದು ಅವಳದೇ ದನಿ, ದಣಿದದ್ದು.

“ಸ್ವಲ್ಪ ಟೈಮ್ ಹಿಡಿಯುತ್ತೆ ಮೇಡಂ.”

“ಪರವಾಗಿಲ್ಲ,” ಎಂದು ಮಗು ಕ್ಲಿಪ್ಪು ಸರಿಮಾಡಿಕೊಂಡಿತು. “ನಾನು ಲೈನಲ್ಲೇ ಇರ್ತೀನಿ.”