ಕುಡಿಯದೆ ಇಟ್ಟ ಕಾಫಿ

ಅಬು ನಸ್ರಿ ಬಹಳ ಒಳ್ಳೆಯ ಮನುಷ್ಯ, ಎಡವಟ್ಟಾಗಿದ್ದೂ ಅದರಿಂದಲೇ. ಅಮ್ಮಾನಿನ ವ್ಯಾಪಾರಿ ಮಾಜಿದ್ ನಾಬ್ಲುಸಿನ ಅವರ ಸಾಬೂನು ಕಾರ್ಖಾನೆಗೆ ಬಂದವನು, ಕೊಟ್ಟ ಕಾಫಿಯನ್ನು ಮುಟ್ಟದೆ ಮುಂದಿಟ್ಟುಕೊಂಡು ಕೂತ. ಅಲ್ಲಿನ ರೂಢಿಯಲ್ಲಿ ಹಾಗೆ ಇಟ್ಟರೆ ಏನೋ ಕೇಳಿಕೊಳ್ಳಲು ಬಂದಿದ್ದಾನೆ ಎಂದರ್ಥ. ಏನು ಬೇಕಪ್ಪಾ ಎಂದು ಮೊದಲು ವಿಚಾರಿಸಬಾರದೆ? ಮುದುಕರಾದ ಅಬು ನಸ್ರಿ ಊರ ಹಿರಿಯರೆದುರು ಎದೆಯುಬ್ಬಿಸಿ, ಕುಡಿ, ಕೇಳಿದ್ದು ಕೊಟ್ಟಾಯಿತು ಎಂದುಬಿಟ್ಟರು. ಅವನು ಒಂದೇ ಗುಟುಕಿಗೆ ಕುಡಿದು, ಸಾಬೂನಿನ ಮೇಲೆ ಒತ್ತುವ ಮನೆತನದ ಮುದ್ರೆಯನ್ನೇ ಕೇಳಿದ.

ಕೊಟ್ಟರೆ ಆ ಮುದ್ರೆ ಅವನ ಅಗ್ಗದ ಸಾಬೂನಿನ ಮೇಲೆ ಬೀಳುತ್ತದೆ, ತಲೆತಲಾಂತರದ ಹೆಸರು ಮಣ್ಣುಪಾಲಾಗುತ್ತದೆ. ಕೊಡುವುದಿಲ್ಲ ಎಂದರೆ ಮಾತಿಗೆ ತಪ್ಪಿದ ಮನೆ ಎಂದು ಊರೇ ಆಡಿಕೊಳ್ಳುತ್ತದೆ. ಮುದುಕರು ಊಟ ಬಿಟ್ಟು ಗೋಡೆಗೆ ಮುಖಮಾಡಿ ಮಲಗಿದರು.

ಕಾರ್ಖಾನೆಯ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಅವರ ಅಣ್ಣನ ಮಗಳು ರಿಹಾಬ್. ಸಾಬೂನು ಒಣಗುವ ಮಹಡಿಯಲ್ಲಿ ಕೂತು ಇತಿಹಾಸವನ್ನೋ ಕಾದಂಬರಿಯನ್ನೋ ಓದುವುದು ಅವಳ ಹುಚ್ಚು. ಸತ್ತ ರಾಜರು ಬಂದು ಸಾಬೂನು ಕೊಳ್ಳುತ್ತಾರೇನೇ ಎಂದು ಚಿಕ್ಕಪ್ಪ ಛೇಡಿಸುತ್ತಿದ್ದರು. ರಾಜರೂ ವ್ಯಾಪಾರಿಗಳೇ, ಸರಕು ಬೇರೆ ಅಷ್ಟೆ ಎಂದು ಅವಳೂ ಬಿಡುತ್ತಿರಲಿಲ್ಲ.

ವಕೀಲರನ್ನು ಹಿಡಿಯೋಣ ಎಂದ ತಮ್ಮನ ಮಾತನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಒಪ್ಪಂದ ಮುರಿದ ದೊರೆಗಳನ್ನು ಮುಂದೆ ಯಾರೂ ನಂಬಲಿಲ್ಲ ಎಂಬುದನ್ನು ಅವಳು ಎಷ್ಟು ಕಡೆ ಓದಿರಲಿಲ್ಲ! ಜಾಣರು ಕೊಟ್ಟ ಮಾತನ್ನು ನಡೆಸಿಕೊಟ್ಟು, ಹಗೆಯ ಅರಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಹುಡುಕುತ್ತಿದ್ದರು. ಮಾಜಿದನಂಥವರನ್ನಂತೂ ಕಾದಂಬರಿಗಳಲ್ಲಿ ಬೇಕಾದಷ್ಟು ನೋಡಿದ್ದಳು. ಪೇಟೆಯಲ್ಲಿ ನಾಚಿಕೆ ಬಿಟ್ಟವರು, ಮನೆಯಲ್ಲಿ ಮಾತ್ರ ತಾಯಿಯ ಮಾತು ಮೀರದ ಮುದ್ದಿನ ಮಕ್ಕಳು.

ಮುದ್ರೆಯನ್ನು ಕೈಚೀಲದಲ್ಲಿಟ್ಟುಕೊಂಡು, ಒಂದು ತಟ್ಟೆ ಕುನಾಫ ಸಿಹಿ ಕಟ್ಟಿಸಿಕೊಂಡು, ಗಡಿಯ ಸೇತುವೆ ದಾಟಿ ಅಮ್ಮಾನಿಗೆ ಹೋದಳು. ನೇರ ಅವನ ಮನೆಗೇ. ಮಾಜಿದನ ತಾಯಿ ಉಮ್ಮ್ ಮಾಜಿದ್ ತಮ್ಮ ಸೊಸೆಯರ, ನಾದಿನಿಯರ ನಡುವೆ ಕೂತಿದ್ದರು. ಮಾಜಿದನೂ ಅಲ್ಲೇ ಇದ್ದ. ರಿಹಾಬ್ ಮೊದಲು ಮುದ್ರೆಯನ್ನು ತೆಗೆದು ಮಾಜಿದನ ಕೈಗಿಟ್ಟಳು. ಚಿಕ್ಕಪ್ಪ ಕೊಟ್ಟ ಮಾತು ಅಲ್ಲಿಗೆ ಸಂದಿತು. ಅವನ ಮುಖ ಅರಳಿತು. ಆಮೇಲೆ ಕಾಫಿ ಬಂತು. ಅವಳು ಅದನ್ನು ಮುಟ್ಟದೆ ಮುಂದಿಟ್ಟಳು.

ಮಾಜಿದನಿಗೆ ತಕ್ಷಣ ಹೊಳೆಯಿತು. ಬಾಯಿ ತೆರೆಯುವಷ್ಟರಲ್ಲಿ ಉಮ್ಮ್ ಮಾಜಿದ್ ಹೇಳಿಯೇಬಿಟ್ಟರು.

"ಕುಡಿಯವ್ವ. ಈ ಮನೇಲಿ ನೀನು ಏನು ಕೇಳಿದ್ರೂ ಇಲ್ಲ ಅನ್ನಲ್ಲ."

ರಿಹಾಬ್ ನಿಧಾನವಾಗಿ ಕುಡಿದಳು. ಕಾಫಿ ಚೆನ್ನಾಗಿತ್ತು.

"ಆ ಮುದ್ರೆ ಕೊಡಿ ಅಮ್ಮ. ನಮ್ಮ ಮುತ್ತಜ್ಜಂದು."

ಅಮ್ಮ ಮಗನತ್ತ ತಿರುಗಿದರು. ಅದು ಯಾಕೆ, ಹೇಗೆ ಬಂತು ಎಂದು ನಾದಿನಿಯರೆದುರೇ ವಿಚಾರಣೆ ಶುರುವಾಗುವ ಮೊದಲು ಮಾಜಿದ್ ಮುದ್ರೆಯನ್ನು ವಾಪಸ್ ಕೊಟ್ಟು, ಬಾಗಿಲವರೆಗೆ ಬಂದು ಕಳಿಸಿದ. ಸಾಬೂನು ಬೇಕಿದ್ದರೆ ಎಲ್ಲರಂತೆ ನೀವೂ ಬಂದು ಕೊಳ್ಳಿ ಎಂದು ಹೇಳುವುದನ್ನು ಅವಳು ಮರೆಯಲಿಲ್ಲ.

ನಾಬ್ಲುಸಿನಲ್ಲಿ ಮುದುಕರು ಮಹಡಿ ಹತ್ತಿ ಬಂದು, ಒಣಗಲು ಪೇರಿಸಿದ ಸಾಬೂನಿನ ಗೋಪುರಗಳ ನಡುವೆ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಕಣ್ಣು ಒರೆಸಿಕೊಂಡರು. ರಿಹಾಬ್ ಮುದ್ರೆ ಕೊಡಲು ಹೋದರೆ ಕೈ ಹಿಂದಕ್ಕೆಳೆದುಕೊಂಡರು.

"ನನ್ನ ಕೈಗೆ ಬೇಡ, ನಿನ್ನ ಹತ್ರಾನೇ ಇರ್ಲಿ," ಎಂದರು. "ನಾಳೆಯಿಂದ ಬಂದೋರ ಎದುರಿಗೆ ನನ್ನ ಜಾಗದಲ್ಲಿ ನೀನು ಕೂತ್ಕೋ. ನಾನು ಪಕ್ಕದಲ್ಲಿ ಕೂತಿರ್ತೀನಿ."