ಒದ್ದೆ ಉಣ್ಣೆಯ ವಾಸನೆ

ಒದ್ದೆ ಉಣ್ಣೆಬಟ್ಟೆಗೆ ಕಾದ ಇಸ್ತ್ರಿಪೆಟ್ಟಿಗೆ ತಾಗಿದಾಗ ಏಳುವ ವಾಸನೆಯನ್ನು ಅಕ್ಕ ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು. ನೆನೆದ ಕುರಿಯದೂ ಅಲ್ಲ, ಸುಟ್ಟ ಕೂದಲಿನದೂ ಅಲ್ಲ, ಎರಡರ ನಡುವಿನದು. ಅವಳೂ ತಮ್ಮನೂ ಅಪ್ಪನ ಹೊಲಿಗೆ ಅಂಗಡಿಯಲ್ಲಿ, ಇಸ್ತ್ರಿ ಮೇಜಿನ ಕೆಳಗೆ ಕೂತು ಆಡುತ್ತ ಬೆಳೆದವರು. ಕೋಟು ಒಣಗಿದೆಯೋ ಇಲ್ಲವೋ ಎಂದು ಅಪ್ಪ ಮುಟ್ಟಿ ನೋಡುತ್ತಿರಲಿಲ್ಲ. "ಕೈಗೇನು ಗೊತ್ತಾಗುತ್ತೆ? ತಣ್ಣಗಿದ್ರೂ ಒದ್ದೆ ಅಂತಾನೇ ಅನ್ಸುತ್ತೆ," ಎಂದು ಕೋಟನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದ. ಅಪ್ಪನ ಕಾಲ ಮುಗಿದ ಮೇಲೆ ಅಂಗಡಿ ಅಕ್ಕನ ಪಾಲಿಗೆ ಬಂತು, ಮೂಗು ತಮ್ಮನ ಪಾಲಿಗೆ.

ತಮ್ಮ ಪೂಲ್ ಆಟಗಾರನಾದ: ಕೋಲಿನಿಂದ ಚೆಂಡು ಹೊಡೆದು ಮೇಜಿನ ಅಂಚಿನ ಪಾಕೆಟ್ಟುಗಳಿಗೆ ಬೀಳಿಸುವ ಆಟ. ಇಪ್ಪತ್ತೆರಡು ವರ್ಷಗಳಿಂದ ಅದೇ ಅವನ ಹೊಟ್ಟೆಪಾಡು. ಪೂಲ್ ಮೇಜಿಗೆ ಹೊದಿಸುವ ಹಸಿರು ಬಟ್ಟೆಯೂ ಉಣ್ಣೆಯದೇ. ಗಾಳಿಯಲ್ಲಿ ತೇವವಿದ್ದರೆ ಅದು ಭಾರವಾಗುತ್ತದೆ, ಚೆಂಡು ನಡುದಾರಿಯಲ್ಲೇ ನಿಲ್ಲುತ್ತದೆ. ಒಣಗಿದ್ದರೆ ಚೆಂಡು ಜಾರಿಕೊಂಡು ಹೋಗುತ್ತದೆ. ಆದ್ದರಿಂದ ಪ್ರತಿ ಪಂದ್ಯಕ್ಕೆ ಮೊದಲು ತಮ್ಮ ಮೇಜಿನ ಮೇಲೆ ಬಗ್ಗಿ, ಬಟ್ಟೆಗೆ ಮೂಗು ತಾಗಿಸಿ, ಎಷ್ಟು ಬಲವಾಗಿ ಹೊಡೆಯಬೇಕೆಂದು ಲೆಕ್ಕ ಹಾಕುತ್ತಿದ್ದ. ನೋಡುವವರಿಗೆ ಅದು ಹುಚ್ಚಾಟ. "ಮೇಜಿಗೆ ಮುತ್ತು ಕೊಡ್ತಾನೆ" ಎಂದು ನಕ್ಕು, ಮೂಗುಮಾಸ್ತರ ಎಂದು ಹೆಸರಿಟ್ಟಿದ್ದರು.

ಅವನ ಬೇರೆ ಅಭ್ಯಾಸಗಳೂ ಆ ಹೆಸರಿಗೆ ತಕ್ಕಂತೆಯೇ ಇದ್ದವು. ಪಂದ್ಯಕ್ಕೆ ಮೊದಲು ಯಾರಿಗೂ ಬಲಗೈ ಕೊಡುತ್ತಿರಲಿಲ್ಲ, ಎಡಗೈ ಚಾಚುತ್ತಿದ್ದ. ಎದುರಾಳಿಯ ಸರದಿ ಎಷ್ಟು ಹೊತ್ತು ನಡೆದರೂ ತನಗಿಟ್ಟ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಕೋಲಿನ ತುದಿಗೆ ಉಜ್ಜುವ ನೀಲಿ ಸೀಮೆಸುಣ್ಣವನ್ನು ಅಂಗಿಯ ಜೇಬಿನಲ್ಲೇ ಇಡುತ್ತಿದ್ದುದರಿಂದ ಅವನ ಅಂಗಿಗಳಿಗೆಲ್ಲ ಎದೆಯ ಮೇಲೊಂದು ನೀಲಿ ಕಲೆ. ಇನ್ನೊಂದು, ಅಕ್ಕನಿಗೆ ಸಂಬಂಧಪಟ್ಟದ್ದು: ಅವಳು ಕಟ್ಟಿಕೊಟ್ಟ ಊಟವನ್ನು ಗೆದ್ದರೆ ಮಾತ್ರ ತಿನ್ನುತ್ತಿದ್ದ. ಸೋತರೆ ಡಬ್ಬಿ ಮುಚ್ಚಿದ ಹಾಗೇ ವಾಪಸು. ಅವನಿಗೆ ಮರುದಿನ ಬೆಳಗಿನವರೆಗೆ ಉಪವಾಸ.

ಈಚೆಗೆ ಮೂರು ಪಂದ್ಯಗಳಿಂದ ಡಬ್ಬಿ ಹಾಗೇ ಬರುತ್ತಿತ್ತು. ತಣ್ಣಗಾದ ಆಲೂಗಡ್ಡೆಯನ್ನೂ ಬೇಯಿಸಿದ ಮೊಟ್ಟೆಯನ್ನೂ ಅಕ್ಕ ಅಡುಗೆಮನೆಯಲ್ಲಿ ನಿಂತೇ ತಿಂದು ಡಬ್ಬಿ ತೊಳೆದಿಡುತ್ತಿದ್ದಳು. ಅವನು ಯಾಕೆ ಸೋಲುತ್ತಿದ್ದಾನೆಂದು ಅವಳಿಗೆ ಹೊಳೆದದ್ದು ಅಂಗಡಿಯಲ್ಲಿ. ಅವನು ಜ್ವರ, ನೆಗಡಿಯಿಂದ ಎದ್ದು ಎರಡು ತಿಂಗಳಾಗಿತ್ತು. ಒಂದು ದಿನ ಗಿರಾಕಿಯ ಜೊತೆ ಮಾತಾಡುತ್ತ ಅವಳು ಇಸ್ತ್ರಿಪೆಟ್ಟಿಗೆಯನ್ನು ಪ್ಯಾಂಟಿನ ಮೇಲೇ ಮರೆತಳು. ಓಡಿ ಬಂದು ಎತ್ತುವಷ್ಟರಲ್ಲಿ ಬಟ್ಟೆ ಸುಟ್ಟು ಅಂಗಡಿಯೆಲ್ಲ ಕಮಟು. ಎರಡು ಮೊಳ ದೂರದಲ್ಲಿ ಬೆನ್ನು ತಿರುಗಿಸಿ ಪತ್ರಿಕೆ ಓದುತ್ತಿದ್ದ ತಮ್ಮ, "ಏನಾಯ್ತಕ್ಕ?" ಎಂದ.

ನೆಗಡಿ ಹೋಗುವಾಗ ಅವನ ಮೂಗಿನ ಶಕ್ತಿಯನ್ನೂ ಕೊಂಡೊಯ್ದಿತ್ತು. ತೇವಕ್ಕೆ ವಾಸನೆಯಿದೆ, ಒಣಗಿದ್ದಕ್ಕೆ ಇಲ್ಲ. ಏನೂ ತಿಳಿಯದ ಮೂಗಿಗೆ ಎಲ್ಲ ಮೇಜುಗಳೂ ಒಣಗಿದ ಮೇಜುಗಳೇ. ಅದಕ್ಕೇ ಅವನು ಮೆಲ್ಲಗೆ ಹೊಡೆಯುತ್ತಿದ್ದ, ಚೆಂಡುಗಳು ನಡುದಾರಿಯಲ್ಲಿ ನಿಲ್ಲುತ್ತಿದ್ದವು.

ವೃತ್ತಿ ಆಟಗಾರರ ಪಟ್ಟಿಯಲ್ಲಿ ಅರವತ್ತನಾಲ್ಕು ಹೆಸರು. ಅವನದು ಈಗ ಕೊನೆಯದು. ನಾಲ್ಕನೆಯ ಪಂದ್ಯವನ್ನೂ ಸೋತರೆ ಹೆಸರು ಹೋಗುತ್ತದೆ, ಹೊಸಬರ ಜೊತೆ ಅರ್ಹತಾ ಪಂದ್ಯಗಳಿಂದ ಮತ್ತೆ ಶುರು ಮಾಡಬೇಕು. ಆ ದಿನ ಅಕ್ಕ ಅಂಗಡಿ ಮುಚ್ಚಿ, ಡಬ್ಬಿ ಹಿಡಿದು ತಾನೇ ಹೊರಟಳು.

ಸಭಾಂಗಣದಲ್ಲಿ ಮೇಜುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಬಟ್ಟೆಯ ಮೇಲೆ ಬ್ರಷ್ ಆಡಿಸುತ್ತಿದ್ದ. ಅವಳನ್ನು ಕಂಡು ಹತ್ತಿರ ಬಂದ.

"ನಿಮ್ಮ ತಮ್ಮನಿಗೆ ಕೇಳ್ಲಿ ಅಂತ ಎರಡು ಪಂದ್ಯದಿಂದ ಗಟ್ಟಿಯಾಗಿ ಹೇಳ್ತಾನೇ ಇದೀನಿ, ಇವತ್ತು ಮಂಜು, ಇವತ್ತು ಗಾಳಿ ಒದ್ದೆ ಅಂತ. ಗೋಡೆಗೆ ಹೇಳಿದ ಹಾಗಾಯ್ತು."

"ಅವನ ಮೂಗಿನ ವಿಷಯ ನಿಮಗೆ ಹೇಗೆ ಗೊತ್ತಾಯ್ತು?"

"ಮೊದಲೆಲ್ಲ ಕಣ್ಣು ಮುಚ್ಕೊಂಡು ಮೂಸೋರು. ಈಗ ಕಣ್ಣು ಬಿಟ್ಕೊಂಡೇ ಬಗ್ತಾರೆ."

ತಮ್ಮ ಬಂದ. ಎದುರಾಳಿಗೆ ಎಡಗೈ ಕೊಟ್ಟ. ಮೇಜಿನ ಮೇಲೆ ಬಗ್ಗಿ, ಎದ್ದು, ಕೋಲಿಗೆ ಸೀಮೆಸುಣ್ಣ ಉಜ್ಜತೊಡಗಿದ. ಮೊದಲು ಹನ್ನೊಂದು ಆಟ ಗೆದ್ದವನದು ಪಂದ್ಯ. ಶುರುವಾಗಲು ಇನ್ನೂ ಐದು ನಿಮಿಷವಿತ್ತು. ಅಕ್ಕ ಡಬ್ಬಿಯನ್ನು ಕುರ್ಚಿಯ ಮೇಲಿಟ್ಟು ಮೇಜಿನ ಹತ್ತಿರ ಹೋಗಿ ತಾನೂ ಬಗ್ಗಿದಳು. ಕಣ್ಣು ಮುಚ್ಚಿದಳು.

ಎದುರಾಳಿ ನಕ್ಕ. "ಮನೆಮಂದಿಯೆಲ್ಲ ಹೀಗೇನಾ? ಮುಂದಿನ ಸಲ ಅಜ್ಜೀನೂ ಕರ್ಕೊಂಡು ಬನ್ನಿ."

"ಅಜ್ಜಿ ಬಂದ್ರೆ ನಿನ್ನನ್ನೇ ಮೂಸ್ತಾಳಪ್ಪ, ಹುಷಾರು," ಎಂದಳು ಅಕ್ಕ. ತಮ್ಮನ ಪಕ್ಕಕ್ಕೆ ಬಂದು ದನಿ ತಗ್ಗಿಸಿದಳು. "ಇದು ಕೋಟಾಗಿದ್ರೆ ಅಪ್ಪ ಇನ್ನೊಂದು ಸಲ ಹಗ್ಗಕ್ಕೆ ಹಾಕ್ತಿದ್ದ ಕಣೋ."

ಸೀಮೆಸುಣ್ಣ ಉಜ್ಜುತ್ತಿದ್ದ ಕೈ ನಿಂತಿತು. "ಯಾವಾಗ ಗೊತ್ತಾಯ್ತು?"

"ಪ್ಯಾಂಟು ಸುಟ್ಟಾಗ."

"ಯಾರಿಗಾದ್ರೂ ಹೇಳಿದ್ಯಾ?"

"ಗಿರಾಕಿಗೆ ಹೊಸ ಪ್ಯಾಂಟು ಹೊಲಿದುಕೊಟ್ಟೆ. ಅಷ್ಟೇ."

ಅವನು ಮೇಜನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಇಪ್ಪತ್ತೆರಡು ವರ್ಷಗಳಲ್ಲಿ ಮೇಜಿನ ಬಗ್ಗೆ ಅವನು ಇನ್ನೊಬ್ಬರ ಮಾತು ಕೇಳಿದ್ದಿಲ್ಲ. "ತುಂಬಾನಾ?" ಎಂದು ಕೇಳಿದ.

"ತುಂಬಾ ಅಲ್ಲ. ಕಾಲರ್ ಒಣಗಿ, ಒಳಗಿನ ಅಸ್ತರು ಹಸಿ ಇರುತ್ತಲ್ಲ, ಅಷ್ಟು."

ಅದಕ್ಕಿಂತ ಸರಿಯಾದ ಅಳತೆ ಅವನಿಗೆ ಬೇಕಿರಲಿಲ್ಲ. ಮೊದಲ ಹೊಡೆತದಲ್ಲೇ ಬಿಳಿ ಚೆಂಡು ಎರಡು ಅಂಚಿಗೆ ತಾಗಿ ಮೇಜಿನ ಉದ್ದಕ್ಕೂ ಉರುಳಿ, ಮುಂದಿನ ಹೊಡೆತಕ್ಕೆ ಬೇಕಾದ ಜಾಗದಲ್ಲೇ ಬಂದು ನಿಂತಿತು. ಮೇಸ್ತ್ರಿ ಕೈಯಲ್ಲಿದ್ದ ಬ್ರಷ್ಷನ್ನು ಪೆಟ್ಟಿಗೆಯೊಳಗಿಟ್ಟು ಗೋಡೆಗೆ ಒರಗಿದ.

ಮೂರು ಗಂಟೆ ಕಳೆದಾಗ ಇಬ್ಬರಿಗೂ ಹತ್ತತ್ತು ಆಟ. ಕೊನೆಯ ಆಟದ ಮೊದಲ ಹೊಡೆತ ತಮ್ಮನದು. ಚೆಂಡುಗಳು ಚೆನ್ನಾಗಿಯೇ ಚದುರಿದವು, ಆದರೆ ಒಂದೂ ಪಾಕೆಟ್ಟಿಗೆ ಬೀಳಲಿಲ್ಲ. ಎದುರಾಳಿ ಎದ್ದು ಬಂದು ಒಂದರಿಂದ ಒಂಬತ್ತರವರೆಗಿನ ಚೆಂಡುಗಳನ್ನು ಸಾಲಾಗಿ, ತಪ್ಪಿಲ್ಲದೆ ಹಾಕಿ ಪಂದ್ಯ ಗೆದ್ದ. ತಮ್ಮ ಖಾಲಿ ಕುರ್ಚಿಯ ಪಕ್ಕದಲ್ಲಿ ನಿಂತು ನೋಡಿದ. ಮುಗಿದ ಮೇಲೆ ಬಲಗೈ ಚಾಚಿ, "ಚೆನ್ನಾಗಿ ಆಡಿದೆ," ಎಂದ.

ಹೊರಗಿನ ಓಣಿಯಲ್ಲಿ ಅಕ್ಕ ಬೆಂಚಿನ ಮೇಲೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅದನ್ನು ಅವನತ್ತ ಚಾಚಲಿಲ್ಲ, ಅವನ ನೇಮ ಅವಳಿಗೆ ಗೊತ್ತಿತ್ತು. ತಮ್ಮ ಕೋಲನ್ನು ಎರಡು ತುಂಡಾಗಿ ಬಿಚ್ಚಿ ಚೀಲಕ್ಕೆ ಹಾಕಿ ಅವಳ ಪಕ್ಕ ಕೂತ.

"ಒಂದು ಚೆಂಡೂ ನಡುದಾರೀಲಿ ನಿಲ್ಲಲಿಲ್ಲ," ಎಂದ.

"ನೋಡ್ದೆ."

"ಪಟ್ಟಿಯಿಂದ ಹೆಸರು ಹೋಯ್ತು. ಅರ್ಹತಾ ಪಂದ್ಯ ಇನ್ನು ಮೂರು ತಿಂಗಳಿಗೆ. ಬೆಳಿಗ್ಗೆ ಒಂಬತ್ತಕ್ಕೇ ಶುರು ಮಾಡ್ತಾರೆ." ಚೀಲದ ಜಿಪ್ಪು ಎಳೆದು, "ನಿನ್ನ ಅಂಗಡಿ?" ಎಂದ.

"ಆವತ್ತು ಮಧ್ಯಾಹ್ನ ತೆಗೆದ್ರಾಯ್ತು."

ಅವನು ತಲೆಯಾಡಿಸಿದ. ಕೈಗಳಿಗೆ ಮೆತ್ತಿದ್ದ ನೀಲಿ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಆ ಕೈಗಳನ್ನು ಎಲ್ಲಿಡುವುದೆಂದು ತಿಳಿಯದವನ ಹಾಗೆ ಮಂಡಿಯ ಮೇಲೆ ಅಂಗಾತ ಇಟ್ಟುಕೊಂಡು ಕೂತ.

ಅಕ್ಕ ಮುಚ್ಚಳ ತೆಗೆದು ಡಬ್ಬಿಯನ್ನು ಅವನ ಕೈಗಿಟ್ಟಳು.